ಸಾಹೇಬರಿಗೊಂದು ಎಲ್ ಬೋರ್ಡು

ನಮ್ಮ ಚಿಕ್ಕಪ್ಪನಷ್ಟು ಅಂಜುಬುರುಕ ಡ್ರೈವರ್ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕು ಜಾಲಾಡಿದರೂ ಸಿಗುತ್ತಿರಲಿಲ್ಲ. ಅಷ್ಟು ಹೆದರುವವನು ಈ ಕೆಲಸಕ್ಕೇಕೆ ಸೇರಿದ ಎನ್ನುತ್ತೀರಾ? ಬೇರೆಯವರು ಓಡಿಸಿದರೆ ಅವನಿಗೆ ಇನ್ನೂ ಹೆದರಿಕೆಯಾಗುತ್ತಿತ್ತಂತೆ!

ನಿಂತ ಲಾರಿಗೂ ಹಾರ್ನ್ ಹೊಡೆಯುತ್ತಿದ್ದ. ಒಮ್ಮೆ ಮೇಳಿಗೆಯ ಮದುವೆಗೆ ನಮ್ಮನ್ನು ಕರೆದೊಯ್ಯುವಾಗ, ಪ್ರತಿ ತಿರುವಿನಲ್ಲೂ ಇಳಿದು ಹೋಗಿ ಎದುರಿಗೆ ಯಾರಾದರೂ ಬರುತ್ತಿದ್ದಾರಾ ಎಂದು ನೋಡಿಕೊಂಡು ಬಂದ. ಅವನು ವಾಪಸು ಬರುವಷ್ಟರಲ್ಲಿ ಯಾರಾದರೂ ಹೊರಟಿರಬಹುದಲ್ಲ? ಮತ್ತೆ ಇಳಿದ. ನಾವು ತಲುಪಿದಾಗ ಮದುವೆ ಮುಗಿದು ಎಲೆ ಎತ್ತುತ್ತಿದ್ದರು.

ಇಂಥ ಚಿಕ್ಕಪ್ಪ ಕಾರ್ಗಲ್‌ನಲ್ಲಿ ಅಣೆಕಟ್ಟಿನ ಕೆಲಸದ ಜೀಪು ಓಡಿಸುತ್ತಿದ್ದ. ಯಂತ್ರ ಕೂರಿಸಲು ಹೊರದೇಶದಿಂದ ಒಬ್ಬ ಸಾಹೇಬರು ಬಂದರು. ಬಂದವರೇ ಜೀಪನ್ನು ತಾವೇ ಓಡಿಸುವುದಾಗಿ ಹೇಳಿದರು. ಅವರ ಹತ್ತಿರ ಫೋಟೋ ಅಂಟಿಸಿದ, ಹತ್ತಾರು ಭಾಷೆಯಲ್ಲಿ ಅಚ್ಚಾದ ಅಂತರರಾಷ್ಟ್ರೀಯ ಪರವಾನಗಿ ಇತ್ತು. ಆ ಸಂಜೆ ಚಿಕ್ಕಪ್ಪ ಸಾಗರದ ನಮ್ಮ ಮನೆಗೆ ಓಡಿಬಂದ. ನಾನಾಗ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್.

"ಅದ್ರಲ್ಲಿ ಕನ್ನಡ ಇಲ್ಲ ಮಾರಾಯ್ತಿ. ಇಲ್ಲಿ ನಡೆಯಲ್ಲ ಅಲ್ವಾ?"

"ನಡೆಯುತ್ತೆ ಚಿಕ್ಕಪ್ಪ. ಸರ್ಕಾರ ಒಪ್ಪಿದೆ."

"ಅವ್ರ ದೇಶದಲ್ಲಿ ಬಲಗಡೆ ಓಡಿಸ್ತಾರಂತೆ. ಅದನ್ನೂ ಒಪ್ಪಿದೆಯಾ?"

ಊಟಕ್ಕೆ ಕೂತವನು ತುತ್ತು ಎತ್ತಲಿಲ್ಲ. "ಸ್ಟೇರಿಂಗ್ ಹೋದ್ರೆ ನನ್ನನ್ನ ಸ್ಟೋರಿಗೆ ಹಾಕ್ತಾರೆ. ಬೋಲ್ಟು ಜೋಡಿಸ್ಕೊಂಡು ಕೂರ್ಬೇಕು. ನಂಗೆ ಬರೋದು ಇದೊಂದೇ" ಎಂದ. ನನಗೆ ನಗು ಬರುತ್ತಿತ್ತು, ಆದರೆ ಅವನ ಮುಖ ನೋಡಿ ನಗಲಾಗಲಿಲ್ಲ.

ಎರಡು ದಿನ ಚಿಂತೆ ಮಾಡಿ ಚಿಕ್ಕಪ್ಪ ಒಂದು ಕಾನೂನು ಹುಟ್ಟಿಸಿದ! ಹೊಸದಾಗಿ ಕಲಿಯುವವರು ಎಲ್ ಬೋರ್ಡು ಹಾಕಬೇಕು, ಪಕ್ಕದಲ್ಲಿ ಲೈಸೆನ್ಸಿನ ಡ್ರೈವರ್ ಕೂತಿರಬೇಕು ತಾನೇ? ಈ ದೇಶದ ರಸ್ತೆಗೆ ಸಾಹೇಬರೂ ಹೊಸಬರೇ. ಹಾಗಾಗಿ ಹೊರದೇಶದವರೆಲ್ಲರಿಗೂ ಅದೇ ಕಾನೂನು. ತಗಡಿನ ಮೇಲೆ ಕೆಂಪು ಬಣ್ಣದಲ್ಲಿ ಅಕ್ಷರ ಬರೆದು, ಇದನ್ನು ಸಾಹೇಬರಿಗೆ ಇಂಗ್ಲಿಷಿನಲ್ಲಿ ಹೇಳೆಂದು ನನ್ನನ್ನು ಕಾರ್ಗಲ್‌ಗೆ ಎಳೆದುಕೊಂಡು ಹೋದ. ತೊದಲುತ್ತಾ ಹೇಳಿದೆ. ಸಾಹೇಬರು ತಗಡು ನೋಡಿದರು, ಬೆವರುತ್ತಿದ್ದ ಚಿಕ್ಕಪ್ಪನನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡಿದರು. ಆಮೇಲೆ ತಾವು ಅಲ್ಲಿಯವರೆಗೆ ಕಲಿತಿದ್ದ ಒಂದೇ ಕನ್ನಡ ಮಾತು ಹೇಳಿದರು: "ಸರಿ."

ಅಂದಿನಿಂದ ಸಾಹೇಬರು ಓಡಿಸುವುದು, ಚಿಕ್ಕಪ್ಪ ಪಕ್ಕದಲ್ಲಿ ಜೀವ ಬಿಗಿಹಿಡಿದು ಕೂರುವುದು. ಅಭ್ಯಾಸಬಲದಿಂದ ಜೀಪು ಬಲಕ್ಕೆ ಸರಿದರೆ ಸಾಕು, "ಎಡ ಸಾಹೇಬ್ರೆ, ಎಡ" ಎಂದು ಶುರು. ತಾಳಗುಪ್ಪ ದಾಟುವಷ್ಟರಲ್ಲಿ ಅವನ ಗಂಟಲು ಕಟ್ಟಿರುತ್ತಿತ್ತು. ಸಾಗರದ ಹೋಟೆಲಿನವರು, "ಡ್ಯಾಮಿಗೆ ಯಂತ್ರ ಕೂರಿಸೋ ಮಹಾಶಯರಿಗೆ ಜೀಪ್ ಬಿಡೋಕೆ ಬರಲ್ವಂತೆ" ಎಂದು ನಗುತ್ತಿದ್ದರು. ಸಾಹೇಬರು ಅವರಿಗೆಲ್ಲ ಕೈಬೀಸಿ ಮುಂದೆ ಹೋಗುತ್ತಿದ್ದರು.

ಒಂದು ಶನಿವಾರ ನಾನೂ ಹಿಂದೆ ಕೂತಿದ್ದೆ. ಸಾಗರದ ಪೇಟೆಯಲ್ಲಿ ವಾಹನ ತಪಾಸಣೆಯ ಇನ್‌ಸ್ಪೆಕ್ಟರ್ ಕೈ ಅಡ್ಡ ಹಿಡಿದರು. ಸಾಹೇಬರ ಪರವಾನಗಿ ತಿರುವಿ ನೋಡಿದರು, ಬೋರ್ಡು ನೋಡಿದರು.

"ಇದ್ಯಾರು ಹಾಕಿದ್ದು? ಈ ಪರ್ಮಿಟ್ ಇರೋರಿಗೆ ಎಲ್ ಬೋರ್ಡೂ ಬೇಡ, ಪಕ್ಕದಲ್ಲಿ ಡ್ರೈವರೂ ಬೇಡ. ತೆಗೀರಿ" ಎಂದರು. ಸಾಹೇಬರಿಗೂ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು.

ಚಿಕ್ಕಪ್ಪ ಇಳಿದು, ಬೋರ್ಡಿನ ತಂತಿ ಬಿಚ್ಚತೊಡಗಿದ.

ಸಾಹೇಬರೂ ಇಳಿದರು. ಅವರ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ. ಈ ಸಂಗತಿ ಅವರಿಗೆ ಮೊದಲ ದಿನವೇ ಗೊತ್ತಿತ್ತೆಂದು ನನಗೆ ಆಗ ಹೊಳೆಯಿತು. ಚಿಕ್ಕಪ್ಪನ ಕೈ ಹಿಡಿದು, ಇನ್‌ಸ್ಪೆಕ್ಟರ್ ಕಡೆ ತಿರುಗಿ, ಚಿಕ್ಕಪ್ಪನ ಪಕ್ಕ ಕೂತೇ ಕಲಿತ ಮುರುಕು ಕನ್ನಡದಲ್ಲಿ ಹೇಳಿದರು:

"ಇರ್ಲಿ ಸಾರ್. ನಂಗೆ ಇನ್ನೂ ಬರಲ್ಲ."

ಚಿಕ್ಕಪ್ಪ ಬಿಚ್ಚಿದ ತಂತಿಯನ್ನು ಮತ್ತೆ ಸುತ್ತಲು ಹೋದ. ಸುತ್ತಿದಷ್ಟೂ ಅದು ಸಡಿಲಾಗುತ್ತಿತ್ತು. ಸಾಹೇಬರು ಬಗ್ಗಿ ಇನ್ನೊಂದು ತುದಿ ಹಿಡಿದುಕೊಂಡರು.