ಸಾಹೇಬರ ಕತ್ತು, ನನ್ನ ತಮಿಳು

ಎಣ್ಣೆ ಹಚ್ಚಿ ಮೈ ತಿಕ್ಕುವುದು ಒಂದು ಶಾಸ್ತ್ರ. ಆ ಶಾಸ್ತ್ರ ನನಗೆ ಕರತಲಾಮಲಕ. ರಾಯದುರ್ಗದ ಗರಡಿಯಲ್ಲಿ ನಮ್ಮಜ್ಜ ಪೈಲ್ವಾನರ ಮೈ ತಿಕ್ಕುತ್ತಿದ್ದುದನ್ನು ನಾನು ಕಣ್ಣಾರೆ ನೋಡಿದ್ದೆ. ನೋಡಿದ್ದೆ, ಅಷ್ಟೆ!

ಆಗ ನಾನು ಮಡಕಶಿರದ ಶಾಲೆಯಲ್ಲಿ ಹಂಗಾಮಿ ಭಾಷಾ ಪಂಡಿತ. ನೌಕರಿ ಖಾಯಂ ಆಗುವುದೋ ಮನೆಗೆ ಹೋಗುವುದೋ ಎಂಬುದು ಮದರಾಸಿನ ಕಡೆಯಿಂದ ತಪಾಸಣೆಗೆ ಬರುವ ಇನ್‌ಸ್ಪೆಕ್ಟರ್ ಸಾಹೇಬರ ಒಂದು ಮಾತಿನ ಮೇಲೆ ನಿಂತಿತ್ತು. ಅವರು ಬರುವ ಸುದ್ದಿ ತಿಳಿದ ದಿನದಿಂದ ನನಗೆ ಅನ್ನ ಸೇರುತ್ತಿರಲಿಲ್ಲ. ಕಡೆಗೂ ಬಂದರು. ಹಿಂದೂಪುರದಿಂದ ಜಟಕಾ ಬಂಡಿಯಲ್ಲಿ ಕುಲುಕಿಸಿಕೊಂಡು ಬಂದಿದ್ದರಿಂದ ಹೆಗಲು ಹಿಡಿದು, ಕತ್ತು ಎಡಕ್ಕೆ ವಾಲಿಸಿಕೊಂಡೇ ಇಳಿದರು.

ಹೆಡ್‌ಮಾಸ್ಟರು ಓಡೋಡಿ ನಮ್ಮ ಮನೆಗೆ ಬಂದರು.

"ಪಂಡಿತ್ರೇ, ನಾಳೆ ತಪಾಸಣೆ. ಸಾಹೇಬ್ರು ಹಿಂಗೇ ನರಳ್ತಾ ಕುಂತ್ರೆ ನಮ್ಮೆಲ್ರ ಗತಿ ಏನು? ನಿಮಗೆ ಮೈ ತಿಕ್ಕೋದು ಗೊತ್ತೈತೆ ಅಂತಿದ್ರಲ್ಲ?"

"ಗೊತ್ತೈತ್ರಿ! ನಮ್ಮಜ್ಜನ ವಿದ್ಯಾ ಅದು," ಎಂದೆ.

ಅಡಿಗೆಮನೆಯಿಂದ ನನ್ನ ಹೆಂಡತಿ, "ಬ್ಯಾಡ ಕಣ್ರೀ," ಎಂದಳು. "ಉಗಾದಿಗೆ ನಮ್ಮಪ್ಪನ ಸೊಂಟ ತಿಕ್ಕಿದ್ರಲ್ಲ, ಪಾಪ, ಇನ್ನೂ ಗೋಡೆ ಹಿಡ್ಕೊಂಡು ಓಡಾಡ್ತೈತೆ."

"ನಿಮ್ಮಪ್ಪನ ಸೊಂಟ ಮೊದ್ಲ ಹಂಗಿತ್ತು. ಸುಮ್ನ ಯಾಕ ಹೆದರಸ್ತಿ? ಎಣ್ಣಿ ಬಿಸಿ ಮಾಡು."

ಶಾಸ್ತ್ರಕ್ಕೆ ನಾನು ಲೋಪ ತರಲಿಲ್ಲ. ಉಗುರು ಕತ್ತರಿಸಿಕೊಂಡೆ. ಸೀಗೆಪುಡಿ ಹಾಕಿ ಕೈ ತೊಳೆದೆ. ಎಳ್ಳೆಣ್ಣೆಯ ಬಿಸಿಯನ್ನು ಮೊದಲು ನನ್ನ ಮುಂಗೈ ಮೇಲೆ ನೋಡಿಕೊಂಡೆ. ಬೆನ್ನುಮೂಳೆಯ ತಂಟೆಗೆ ಹೋಗಬಾರದೆಂದು ನಿಶ್ಚಯಿಸಿಕೊಂಡೆ. ಎಲ್ಲಕ್ಕಿಂತ ದೊಡ್ಡ ನಿಯಮ ಇನ್ನೊಂದಿತ್ತು: ಮಲಗಿದವರೇ ಯಜಮಾನರು, ಅವರು ಹೇಳಿದ ಹಾಗೇ ಒತ್ತಬೇಕು. ತಾವು ಇಳಿದುಕೊಂಡಿದ್ದ ಪ್ರವಾಸಿ ಬಂಗಲೆಯ ಮಂಚದ ಮೇಲೆ ಬೋರಲು ಮಲಗಿದ್ದ ಸಾಹೇಬರಿಗೆ ಇದನ್ನು ತೆಲುಗಿನಲ್ಲಿ ಭಯಭಕ್ತಿಯಿಂದ ಅರಿಕೆ ಮಾಡಿದೆ. "ಸರೇ," ಎಂದರು.

ಆದರೆ ನೋವು ಬಂದಾಗ ಮನುಷ್ಯನ ಬಾಯಿಂದ ಬರುವುದು ತಾಯಿಭಾಷೆ. ಸಾಹೇಬರದು ತಮಿಳು. ನನಗೆ ತಮಿಳು ಬಾರದು. ಆದರೇನು, ನಾನು ಪಂಡಿತನಲ್ಲವೇ! ತಮಿಳಿನ 'ವ' ನಮ್ಮಲ್ಲಿ 'ಬ' ಆಗುತ್ತದೆ. ವಾ ಎಂದರೆ ಬಾ, ವೇರು ಎಂದರೆ ಬೇರು. ಅವರ 'ಪ' ನಮ್ಮ 'ಹ'. ಪಾಲು ಎಂದರೆ ಹಾಲು, ಪುಲಿ ಎಂದರೆ ಹುಲಿ. ಈ ಸೂತ್ರವೊಂದಿದ್ದರೆ ಇಡೀ ಮದರಾಸನ್ನು ಗೆಲ್ಲಬಹುದು!

ಹೆಗಲಿನ ಗಂಟಿನ ಮೇಲೆ ಹೆಬ್ಬೆರಳು ಊರಿದೆ.

"ವಲಿಕ್ಕುದು!" ಎಂದರು ಸಾಹೇಬರು.

ಸೂತ್ರ ಹಾಕಿ ನೋಡಿದೆ. ವಲಿಕ್ಕು, ಬಲಿಕ್ಕು, ಬಲ ಇಕ್ಕು! ಬಲ ಸಾಲದಂತೆ! ಹಲ್ಲು ಕಚ್ಚಿ ಒತ್ತಿದೆ.

"ಅಯ್ಯೋ, ವಲಿಕ್ಕುದು, ವಲಿಕ್ಕುದು!"

ಇನ್ನೂ ಸಾಲದೇ? ಸೀಮೆಸುಣ್ಣ ಹಿಡಿದ ಕೈ ಇದು, ಪೈಲ್ವಾನರ ಬಲ ಎಲ್ಲಿಂದ ತರಲಿ? ಖಾಯಂ ನೌಕರಿ ಕಣ್ಣೆದುರೇ ಕೈಜಾರುತ್ತಿದೆ ಎನ್ನಿಸಿತು. ದೇವರ ಮೇಲೆ ಭಾರ ಹಾಕಿ ಮಂಚ ಹತ್ತಿದೆ. ನನ್ನ ಭಾರವನ್ನು ಸಾಹೇಬರ ಮೇಲೆ ಹಾಕಿದೆ.

"ಪೋದುಂ! ಪೋದುಂ!"

ಪೋದುಂ, ಹೋದುಂ. ಹೋಯಿತು! ನೋವು ಹೋಯಿತು! ಸಂತೋಷದಿಂದ ನನ್ನ ಕಣ್ಣು ತುಂಬಿ ಬಂತು. ಹೊರಟ ನೋವನ್ನು ಅರ್ಧ ದಾರಿಯಲ್ಲಿ ಬಿಡಬಾರದೆಂದು ಮೊಣಕೈಯನ್ನೂ ಊರಿಬಿಟ್ಟೆ. ಎಲ್ಲೋ ಲಟಕ್ ಎಂದಿತು.

"ವಿಡುಡಾ!" ಎಂದು ಸಾಹೇಬರು ಬಂಗಲೆ ಹಾರಿಹೋಗುವಂತೆ ಕಿರುಚಿದರು.

ವಿಡು, ಬಿಡು. ಬಿಟ್ಟೆ. ಸೂತ್ರ ಸರಿಯಾಗಿ ಕೆಲಸ ಮಾಡಿದ್ದು ಅದೊಂದೇ ಸಲ!

ಬಾವಿಯಿಂದ ನೀರು ತರಲು ಹೋಗಿದ್ದ ಹೆಡ್‌ಮಾಸ್ಟರು ತಂಬಿಗೆ ಸಮೇತ ಓಡಿ ಬಂದರು. ಅವರಿಗೆ ತಮಿಳು ಬರುತ್ತಿತ್ತು.

"ಏನ್ ಮಾಡಿದ್ರಿ ಪಂಡಿತ್ರೇ! ನೋಯ್ತೈತೆ ನೋಯ್ತೈತೆ, ಸಾಕು ಸಾಕು ಅಂತ ಅವ್ರು ಬಡ್ಕೊಂತಿದ್ದದ್ದು ಬಾವಿ ತಾವಕ್ಕೂ ಕೇಳುಸ್ತಿತ್ತು!"

ನನಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು. ಎಡಕ್ಕೆ ವಾಲಿದ್ದ ಸಾಹೇಬರ ಕತ್ತು ಈಗ ನೆಟ್ಟಗಾಗಿತ್ತು, ನಿಜ. ಆದರೆ ಯಾವ ಕಡೆಗೂ ತಿರುಗುತ್ತಿರಲಿಲ್ಲ.

ಮರುದಿನ ತಪಾಸಣೆ. ಸಾಹೇಬರು ಬೆನ್ನಿಗೆ ದಿಂಬು ಕೊಟ್ಟುಕೊಂಡು ನೆಟ್ಟಗೆ ಕುಳಿತಿದ್ದರು. ನನ್ನನ್ನು ಕರೆಸಿ ಎದುರಿಗೇ ನಿಲ್ಲಿಸಲಾಯಿತು. ಪಕ್ಕದಲ್ಲಿ ನಿಂತರೆ ಅವರಿಗೆ ಕಾಣುತ್ತಿರಲಿಲ್ಲ.

"ಈತ ಯಾವ ಪಾಠ ಹೇಳುತ್ತಾನೆ?" ಎಂದು ಕೇಳಿದರು.

ಹೆಡ್‌ಮಾಸ್ಟರು ಕೈಮುಗಿದರು. "ಭಾಷೆ, ಸ್ವಾಮಿ."

ಸಾಹೇಬರು ಕಣ್ಣುಗಳನ್ನಷ್ಟೇ ಇಳಿಸಿ ನನ್ನ ತೋಳುಗಳನ್ನು ನೋಡಿದರು. ನಾನು ಮನಸ್ಸಿನಲ್ಲೇ ಗಂಟುಮೂಟೆ ಕಟ್ಟತೊಡಗಿದ್ದೆ.

"ಖಾಯಂ ಮಾಡಬಹುದು," ಎಂದರು ಕೊನೆಗೆ. "ತೋಳಿನಲ್ಲಿ ಶಕ್ತಿ ಇದೆ. ಡ್ರಿಲ್ ಕಲಿಸಲಿ. ಭಾಷೆಯನ್ನು ಮಾತ್ರ ಮುಟ್ಟಕೂಡದು."

ಆಗಲೇ ಸಾಹೇಬರ ಎದುರಿಗೇ ಮಕ್ಕಳನ್ನು ಅಂಗಳದಲ್ಲಿ ಸಾಲಾಗಿ ನಿಲ್ಲಿಸಲಾಯಿತು. ಡ್ರಿಲ್ ಮಾಸ್ತರನಾಗಿ ನನ್ನ ಮೊದಲ ಅಪ್ಪಣೆ ಹೊರಡಿಸಿದೆ.

"ಬಲಕ್ಕೆ ತಿರುಗು!"

ವ್ಯಾಕರಣ ಹೇಳುವಾಗ ನನ್ನ ಒಂದು ಮಾತನ್ನೂ ಕೇಳದಿದ್ದ ಮಕ್ಕಳು ಒಟ್ಟಿಗೇ ತಿರುಗಿದರು. ಗಾಬರಿಯಲ್ಲಿ ಹೆಡ್‌ಮಾಸ್ಟರೂ ತಿರುಗಿದರು. ಸಾಹೇಬರೊಬ್ಬರಿಗೆ ಆಗಲಿಲ್ಲ!