ಅತ್ತೆಯ ತಕ್ಕಡಿ

ನಮ್ಮ ಸೋದರತ್ತೆಯ ಪ್ರಕಾರ ಈ ಜಗತ್ತಿನಲ್ಲಿ ತೂಗಿ ನೋಡಬೇಕಾದವು ಎರಡೇ: ಬೆಲ್ಲದ ಪೆಂಟೆ ಮತ್ತು ಹುಟ್ಟಿದ ಕೂಸು! ಗಡಹಿಂಗ್ಲಜದಲ್ಲಿ ಅವಳದು ಬೆಲ್ಲದ ಅಂಗಡಿ. ಬಳಗದಲ್ಲಿ ಯಾರೇ ಹಡೆಯಲಿ, ತೊಟ್ಟಿಲಿಗಿಂತ ಮೊದಲು ಕೂಸು ಆ ಅಂಗಡಿಯ ತಕ್ಕಡಿ ಏರಬೇಕು. ತೂಕ ಕಡಿಮೆ ಬಂದರೆ ಬೀಗರಿಗೆ ಮಂಗಳಾರತಿ! "ಏನ್ ತಿನಿಸೀರಿ ಹುಡುಗಿಗೆ? ಬರೇ ಗಾಳಿ?" ಹೆಚ್ಚು ಬಂದರೆ ಪೇಟೆಗೆಲ್ಲ ಪೇಢೆ.

ತಾಯಿಯಿಲ್ಲದ ನನಗೆ ಅವಳ ಮನೆಯೇ ತವರು. ಗಂಡನೂರು ಇಚಲಕರಂಜಿಯ ಮಗ್ಗಗಳ ಸದ್ದಿನಿಂದ ಪಾರಾಗಿ ಚೊಚ್ಚಲ ಹೆರಿಗೆಗೆ ಅಲ್ಲಿಗೆ ಹೋದೆ. ಬಾಣಂತಿಗೆ ಕೊಡುವ ಅಂಟಿನುಂಡೆಯನ್ನು ಬಸುರಿಗೇ ಮುಂಗಡವಾಗಿ ತಿನ್ನಿಸಿದಳು! ಮೇಲೆ ಹೋಳಿಗೆ, ಮಾದಲಿ. ನಾನು ಎದ್ದರೆ ಸಾಕು, "ಕುಂಡ್ರ! ಅಡ್ಡಾಡಿದ್ರ ಕೂಸು ಸವದೀತು!"

ಕಾಲು ಬಾತು, ಬಾಯಾರಿಕೆ ಹೆಚ್ಚಾದಾಗ ಕೊಲ್ಹಾಪುರದ ಡಾಕ್ಟರಬಾಯಿಗೆ ತೋರಿಸಿದೆವು. ಮೂತ್ರದಲ್ಲಿ ಸಕ್ಕರೆ ಇತ್ತು. "ಬಾಳ ಮೋಠಂ ಆಹೇ. ಸಾಖರ ಬಂದ್!" ಎಂದರು ಮರಾಠಿಯಲ್ಲಿ; ಕೂಸು ದೊಡ್ಡದಿದೆ, ಸಕ್ಕರೆ ನಿಲ್ಲಿಸು ಎಂದರ್ಥ. ತಾಯಿಯ ರಕ್ತದಲ್ಲಿ ಸಕ್ಕರೆ ಹೆಚ್ಚಾದರೆ ಕೂಸು ಅತಿಯಾಗಿ ಬೆಳೆದು ಹೆರಿಗೆ ಇಬ್ಬರಿಗೂ ಕಷ್ಟವಾಗುತ್ತದೆ, ದಿನಾ ನಡೆಯಬೇಕು ಎಂದೂ ಬಿಡಿಸಿ ಹೇಳಿದರು. ಅತ್ತೆಗೆ ಕೇಳಿಸಿದ್ದು ಕೂಸು ದೊಡ್ಡದು ಎಂಬುದಷ್ಟೇ! ಊರಿಗೆ ಮರಳುವಾಗ ಕಾಗಲ ದಾಟುವಷ್ಟರಲ್ಲಿ ಬಸ್ಸಿನವರಿಗೆಲ್ಲ ಸುದ್ದಿ ಮುಟ್ಟಿತ್ತು. ಮನೆಗೆ ಬಂದವಳೇ ಮತ್ತೆ ಉಂಡೆ ಮುಂದಿಟ್ಟಳು.

"ಅತ್ತಿ, ಡಾಕ್ಟರಬಾಯಿ ಬ್ಯಾಡ ಅಂದಾರಲ್ಲ?"

"ಸಕ್ಕರಿ ಬ್ಯಾಡಂದಾಳ. ಇದು ಬೆಲ್ಲ ಐತಿ!"

ಬೆಲ್ಲದ ಅಂಗಡಿಯವಳೊಡನೆ ವಾದಿಸಿ ಗೆದ್ದವರುಂಟೇ? ನಾನೂ ತಿಂದೆ.

ಹೆರಿಗೆಗೆ ಅದೇ ಕೊಲ್ಹಾಪುರದ ಆಸ್ಪತ್ರೆ. ಅತ್ತೆ ಚೀಲದಲ್ಲಿ ತಕ್ಕಡಿ ಹೊತ್ತುಕೊಂಡೇ ಬಂದಿದ್ದಳು! ಕೂಸಿನ ತಲೆ ಬಂತು, ಹೆಗಲು ಸಿಕ್ಕಿಕೊಂಡಿತು. ಡಾಕ್ಟರಬಾಯಿ ಕೂಗಿದ್ದು, ದಾದಿಯರು ಓಡಿದ್ದು ಮಾತ್ರ ನೆನಪಿದೆ. ನೀಲಿಗಟ್ಟಿದ್ದ ಮಗ ಬಹಳ ಹೊತ್ತಿಗೆ ಅತ್ತ. ನನ್ನ ರಕ್ತ ನಿಲ್ಲುವುದು ಇನ್ನೂ ತಡವಾಯಿತು.

"ಹತ್ತು ಪೌಂಡು, ಅಜ್ಜಿ!" ಎಂದು ದಾದಿ ಕೂಸನ್ನು ಮುಂದೆ ಹಿಡಿದಳು. ಇನ್ನೇನು, ಪೇಢೆ! ಅತ್ತೆ ಅತ್ತ ತಿರುಗಲೇ ಇಲ್ಲ. ನನ್ನ ತಣ್ಣಗಿನ ಪಾದಗಳನ್ನು ತಿಕ್ಕುತ್ತಾ, "ನೀ ಉಳದೀಯಲ್ಲವ್ವ... ಸಾಕ," ಎಂದಳು. ತಕ್ಕಡಿ ಚೀಲದಿಂದ ಹೊರಬರಲೇ ಇಲ್ಲ.

ಎರಡನೆಯ ಬಸುರಿನಲ್ಲಿ ಅತ್ತೆ ತಾನೇ ನನ್ನನ್ನು ದಿನಾ ನಡೆಸಿದಳು. ಜೋಳದ ರೊಟ್ಟಿ, ಮೆಂತ್ಯೆ ಪಲ್ಲೆ, ಸಿಹಿಯಿಲ್ಲದ ಚಹಾ. ಒಂದು ದಿನ ಅಪ್ಪಿತಪ್ಪಿ ಅವಳ ಬಟ್ಟಲಿನಿಂದ ಕುಡಿದೆ. ಅದೂ ಸಪ್ಪೆ!

"ಅತ್ತಿ, ನಿನಗ್ಯಾರು ಬೆಲ್ಲ ಬಂದ್ ಮಾಡ್ಯಾರ?"

"ನಿನ್ನ ಮುಂದ ಕುಂತು ಸಿಹಿ ಕುಡಿದ್ರ ಗಂಟಲಾಗ ಇಳಿಯೂದಿಲ್ಲವ್ವ," ಎಂದು ಮುಖ ಕಿವುಚಿ, ಉಳಿದ ಚಹಾ ಕುಡಿದು ಮುಗಿಸಿದಳು.