ಇಲಿ ಕರಗಿಸಿದ ಇನ್‌ಸ್ಪೆಕ್ಟರ್

ಇಪ್ಪತ್ತೇಳು ವರ್ಷ ನಾನು ಯಾರ್ಕ್‌ಶೈರ್‌ನ ಈ ಊರಿನ ಅಡುಗೆಮನೆಗಳನ್ನು ಆಳಿದವನು. ನಗರಸಭೆಯ ನಿವೃತ್ತ ಆಹಾರ ತಪಾಸಣಾಧಿಕಾರಿ, ವಿಲ್ಫ್ರೆಡ್ ಗಾರ್‌ಸೈಡ್. ನಾನು ಬಾಗಿಲಲ್ಲಿ ಕಾಣಿಸಿಕೊಂಡರೆ ಸಾಕು, ಬಾಣಸಿಗರ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಹೀಗಿರುವಾಗ ಮಗಳು ರೊವೀನಾ ಎರಡು ವಾರ ಪೋರ್ಚುಗಲ್‌ಗೆ ಹೊರಟು, ತನ್ನ ಸಾಕುಹಾವನ್ನು ನಮ್ಮಲ್ಲಿ ಬಿಡಲೇ ಎಂದು ಕೇಳಿದರೆ ನಾನು ಹಿಂಜರಿಯುವುದುಂಟೆ? ಅದರ ಊಟ, ನಿದ್ದೆ, ಶುಚಿ ಎಲ್ಲಕ್ಕೂ ನಾನೇ ಹೊಣೆ ಎಂದು ಎದೆ ತಟ್ಟಿಕೊಂಡೆ.

ಹಾವಿನ ಹೆಸರು ಡಚೆಸ್. ಕಿತ್ತಳೆ ಬಣ್ಣ, ಮೂರಡಿ ಉದ್ದ, ವಿಷವಿಲ್ಲ, ಸಂಕೋಚವೂ ಇಲ್ಲ. ಅದರ ಜೊತೆ ಬಂದದ್ದು ಒಂದು ಗಾಜಿನ ಪೆಟ್ಟಿಗೆ, ಅದರ ಊಟಕ್ಕೆಂದು ಆರು ಹೆಪ್ಪುಗಟ್ಟಿದ ಇಲಿಗಳ ಪೊಟ್ಟಣ, ಮತ್ತು ರೊವೀನಾಳ ಕೈಬರಹದ ಎರಡು ಪುಟ ಸೂಚನೆ. ಮೊದಲ ಸಾಲು ಓದಿದೆ. 'ಇಲಿಗಳನ್ನು ಅಡುಗೆಮನೆಯ ಯಾವ ವಸ್ತುವಿಗೂ ತಾಗಿಸಬೇಡ.' ಅಡುಗೆಮನೆಯ ಬಗ್ಗೆ ಬುದ್ಧಿವಾದ, ಅದೂ ನನಗೆ! ಕಾಗದವನ್ನು ನಾಲ್ಕು ಮಡಿಕೆ ಮಾಡಿ ಪೆಟ್ಟಿಗೆಯ ಅಲುಗಾಡುವ ಕಾಲಿನ ಕೆಳಗೆ ಇಟ್ಟೆ. ಪೆಟ್ಟಿಗೆ ಅಲುಗಾಡುವುದು ನಿಂತಿತು. ಸೂಚನೆ ಕೆಲಸಕ್ಕೆ ಬಂತು.

ನನ್ನ ಹೆಂಡತಿ ಗ್ಲೆನಿಸ್ ಮಾತ್ರ ಫ್ರೀಜರ್ ಬಾಗಿಲಿಗೆ ಅಡ್ಡ ನಿಂತಳು. ಬಟಾಣಿ ಪೊಟ್ಟಣದ ಪಕ್ಕ ಇಲಿ ಮಲಗುವುದು ಅವಳಿಗೆ ಸುತರಾಂ ಒಪ್ಪಿಗೆಯಿರಲಿಲ್ಲ. ಮೈನಸ್ ಹದಿನೆಂಟು ಡಿಗ್ರಿಯ ಚಳಿಯಲ್ಲಿ ಯಾವ ಕ್ರಿಮಿಯೂ ಕೈಕಾಲು ಆಡಿಸುವುದಿಲ್ಲ ಎಂದು ನಾನು ಉಪನ್ಯಾಸ ಕೊಟ್ಟೆ.

"ಆಡಿಸಲ್ಲ, ಸರಿ. ಸಾಯುತ್ತಾ?" ಎಂದಳು.

ನಾನು ವಿಷಯ ಬದಲಿಸಿದೆ. ಅವಳು ಬಟಾಣಿಯನ್ನು ಪಕ್ಕದ ಮನೆಯ ಫ್ರೀಜರಿಗೆ ಸ್ಥಳಾಂತರಿಸಿದಳು.

ಡಚೆಸ್‌ಗೆ ಹತ್ತು ದಿನಕ್ಕೊಂದು ಊಟ; ಅದು ಬಿದ್ದದ್ದು ಭಾನುವಾರ. ಗ್ಲೆನಿಸ್ ತಂಗಿಯ ಮನೆಗೆ ಹೋಗಿದ್ದಳು. ಮನೆಯಲ್ಲಿ ನಾನು, ಹಾವು, ಮತ್ತು ಕಲ್ಲಿನಂತೆ ಗಟ್ಟಿಯಾದ ಒಂದು ಇಲಿ. ಕರಗಿಸಲು ಏನಾದರೂ ಬೇಕಲ್ಲ? ಕೈಗೆ ಸಿಕ್ಕಿದ್ದು ಗ್ರೇವಿ ಬಡಿಸುವ ಪಿಂಗಾಣಿ ಜಗ್ಗು. ಬಿಸಿನೀರು ತುಂಬಿ ಇಲಿಯನ್ನು ಇಳಿಬಿಟ್ಟೆ. ಬಾಲ ಮಾತ್ರ ಹೊರಗೆ, ಜಗ್ಗಿಗೆ ಎರಡನೆಯ ಹಿಡಿಯಂತೆ. ಅರ್ಧ ಗಂಟೆಯಲ್ಲಿ ಅತಿಥಿ ಮೆತ್ತಗಾದ. ಸಲಾಡ್ ಚಿಮಟದಲ್ಲಿ ಎತ್ತಿ, ತರಕಾರಿ ಹಲಗೆಯ ಮೇಲೆ ಮಲಗಿಸಿ ಒರೆಸಿ, ಮಹಾರಾಣಿಯ ಮುಂದೆ ಹಿಡಿದೆ. ಅವಳು ಹತ್ತು ನಿಮಿಷ ಯೋಚಿಸಿ, ಗಬಕ್ಕನೆ ಹಿಡಿದು ನುಂಗಿದಳು.

ನನಗೂ ಹಸಿವಾಗಿತ್ತು. ಹಲಗೆ, ಚಿಮಟ, ಜಗ್ಗುಗಳಿಗೆ ಸ್ಪಂಜಿನಿಂದ ಒಂದೊಂದು ಸುತ್ತು ಬಳಿದೆ. ಅದೇ ಹಲಗೆಯ ಮೇಲೆ ಸೌತೆಕಾಯಿ ಹೆಚ್ಚಿ, ಬ್ರೆಡ್ಡಿಗೆ ಬೆಣ್ಣೆ ಸವರಿ ತಿಂದೆ. ಬೇರೆಯವರ ಅಡುಗೆಮನೆಯಲ್ಲಿ ಇದನ್ನು ಕಂಡಿದ್ದರೆ ಆ ಕ್ಷಣವೇ ಬೀಗ ಹಾಕಿಸುತ್ತಿದ್ದೆ. ನನ್ನ ಮನೆಯಲ್ಲಿ ಅದು ಕಣ್ಣಿಗೇ ಬೀಳಲಿಲ್ಲ.

ಮಂಗಳವಾರ ಬೆಳಿಗ್ಗೆ ಹೊಟ್ಟೆಯೊಳಗೆ ಯಾರೋ ಬಟ್ಟೆ ಹಿಂಡಿದಂತಾಯಿತು. ಆಮೇಲಿನ ಮೂರು ದಿನಗಳ ಬಗ್ಗೆ ಸಭ್ಯವಾಗಿ ಹೇಳಬಹುದಾದದ್ದು ಇಷ್ಟೇ: ನಮ್ಮ ಬಚ್ಚಲಿನ ಗೋಡೆಯಲ್ಲಿ ಇನ್ನೂರ ಎಂಟು ಬಿಲ್ಲೆಗಳಿವೆ. ಜ್ವರ ಏರಿತು, ಕಣ್ಣು ಗುಳಿಬಿತ್ತು. ಒಮ್ಮೆ ಎದ್ದು ನಿಲ್ಲಲಾಗದೆ ನೆಲದ ಮೇಲೇ ಕುಳಿತುಬಿಟ್ಟೆ. ಗ್ಲೆನಿಸ್ ಹೆದರಿ ಡಾಕ್ಟರನ್ನು ಕರೆಸಿದಳು. ಮಲ ಪರೀಕ್ಷೆಗೆ ಹೋಯಿತು. ಸಾಲ್ಮೊನೆಲ್ಲಾ, ಮೊಟ್ಟೆ-ಮಾಂಸದಿಂದ ಹೊಟ್ಟೆ ಸೇರುವ ಕ್ರಿಮಿ.

ಆ ಹೆಸರು ಕೇಳಿದೊಡನೆ ನನ್ನೊಳಗಿನ ಅಧಿಕಾರಿ ಹಾಸಿಗೆಯಲ್ಲೇ ಎದ್ದು ಕುಳಿತ. ಸೋಮವಾರ ನೆಟ್ಟಿ ಸಟ್‌ಕ್ಲಿಫ್‌ಳ ಚಹಾದಂಗಡಿಯಲ್ಲಿ ಮೊಟ್ಟೆಯ ಸ್ಯಾಂಡ್‌ವಿಚ್ ತಿಂದಿದ್ದೆ. ಅಪರಾಧಿ ಸಿಕ್ಕಿಬಿಟ್ಟಳು! ಇಪ್ಪತ್ತು ವರ್ಷದಿಂದ ಚೊಕ್ಕವಾಗಿ ಅಂಗಡಿ ನಡೆಸುತ್ತಿದ್ದ ವಿಧವೆ ಅವಳು. ಅವಳ ಬಗ್ಗೆ ನನ್ನ ಬಳಿ ಒಂದೇ ಒಂದು ದೂರೂ ಇರಲಿಲ್ಲ. ಆದರೂ ಮಲಗಿದಲ್ಲಿಂದಲೇ ನಗರಸಭೆಗೆ ಫೋನು ಮಾಡಿ, ಅನುಭವಿ ಕಂಠದಲ್ಲಿ ಅವಳ ಹೆಸರು ಹೇಳಿದೆ. ಸುದ್ದಿ ತಿಳಿದ ನೆಟ್ಟಿ, ಅಂಗಡಿಯ ಪರೀಕ್ಷೆಯ ಫಲಿತಾಂಶ ಬರುವ ತನಕ ತಾನಾಗಿಯೇ ಬಾಗಿಲು ಮುಚ್ಚಿ, ಇದ್ದಬದ್ದ ಮೊಟ್ಟೆಗಳನ್ನೆಲ್ಲ ಎಸೆದಳಂತೆ. ಹಿಂಬಾಗಿಲ ಮೆಟ್ಟಿಲ ಮೇಲೆ ಕುಳಿತು ಅಳುತ್ತಿದ್ದಳೆಂದು ಗ್ಲೆನಿಸ್ ಬಂದು ಹೇಳಿದಾಗ ಮನಸ್ಸು ಒಂದಿಷ್ಟು ಕಸಿವಿಸಿಯಾಯಿತು. ಕರ್ತವ್ಯ ಕಠಿಣ ಎಂದುಕೊಂಡು ಮಗ್ಗುಲು ಬದಲಿಸಿದೆ.

ಮುಂದಿನ ವಾರ ವಿಚಾರಣೆಗೆ ಬಂದವಳು ಬೆತ್ ಥೋರ್ಲಿ. ನಾನೇ ಕೆಲಸ ಕಲಿಸಿದ ಹುಡುಗಿ, ಈಗ ನನ್ನ ಕುರ್ಚಿಯಲ್ಲಿ ಕೂರುವವಳು. ನೆಟ್ಟಿಯ ಅಂಗಡಿಯಲ್ಲಿ ಏನೂ ಸಿಗಲಿಲ್ಲವೆಂದು ಹೇಳಿ, ಉದ್ದನೆಯ ಪ್ರಶ್ನಾವಳಿ ಬಿಚ್ಚಿದಳು. ಕೋಳಿ ತಿಂದಿರಾ, ಹಸಿ ಹಾಲು ಕುಡಿದಿರಾ, ಪ್ರವಾಸ ಹೋಗಿದ್ದಿರಾ. ಇಲ್ಲ, ಇಲ್ಲ, ಇಲ್ಲ. ಮನೆಯಲ್ಲಿ ಸಾಕುಪ್ರಾಣಿ ಉಂಟೆ?

"ಇಲ್ಲ," ಎಂದೆ.

"ಹಾವು ಪ್ರಾಣಿ ಅಲ್ವೇನ್ರೀ ಹಾಗಾದ್ರೆ? ತರಕಾರಿನಾ?" ಚಹಾ ತಂದ ಗ್ಲೆನಿಸ್ ಕೇಳಿದಳು.

ಬೆತ್ ಪೆನ್ನನ್ನು ಮೇಜಿನ ಮೇಲಿಟ್ಟಳು. ಅದು ನನ್ನ ಮಗಳದು, ನನ್ನದಲ್ಲ ಎಂದು ಗೊಣಗಿದೆ. ಅದಕ್ಕೆ ಊಟವೇನು, ಎಲ್ಲಿ ಇಡುತ್ತೀರಿ, ಹೇಗೆ ಕರಗಿಸುತ್ತೀರಿ ಎಂದು ಅವಳು ಮೃದುವಾಗಿ ಒಂದೊಂದೇ ಎಳೆ ಬಿಡಿಸಿದಳು. ಹೀಗೆ ಬಿಡಿಸುವುದನ್ನು ಅವಳಿಗೆ ಕಲಿಸಿದ್ದೂ ನಾನೇ, ನನ್ನ ಕರ್ಮ. ಜಗ್ಗು ಹೊರಬಂತು. ಚಿಮಟ ಹೊರಬಂತು. ಹಲಗೆ, ಸ್ಪಂಜು, ಕೊನೆಗೆ ಸೌತೆಕಾಯಿಯೂ ಹೊರಬಂತು.

"ನನ್ನ ಗ್ರೇವಿ ಜಗ್ಗಾ?" ಗ್ಲೆನಿಸ್ ಕೇಳಿದ್ದು ಅಷ್ಟೇ. ಧ್ವನಿ ಏರಿಸಲಿಲ್ಲ. ಏರಿಸಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

"ಸಾರ್," ಎಂದಳು ಬೆತ್, "ಫ್ರೀಜರ್ ಈ ಕ್ರಿಮೀನ ಕೊಲ್ಲಲ್ಲ, ಮಲಗಿಸುತ್ತೆ ಅಷ್ಟೆ. ಬಿಸಿನೀರು ಹಾಕಿದ್ರೆ ಎಬ್ಬಿಸಿ ಕಾಫಿ ಕೊಟ್ಟಂಗೆ. ನೋಡೋಕೆ ಆರೋಗ್ಯವಾಗಿರೋ ಇಲೀಲೂ ಇರುತ್ತೆ, ಹಾವಿನ ಮೈಮೇಲೂ ಇರುತ್ತೆ. ನಿಮಗೆ ಗೊತ್ತಿಲ್ದೇ ಇರೋದೇನಲ್ಲ ಇದು."

ಗೊತ್ತಿತ್ತು. ಅದೇ ನಾಚಿಕೆ. ಉಳಿದ ಐದು ಇಲಿಗಳನ್ನು ಚೀಲದಲ್ಲಿ ಕಟ್ಟಿ ಪರೀಕ್ಷೆಗೆ ಒಯ್ದಳು. ನನ್ನ ಹೊಟ್ಟೆಯಲ್ಲಿದ್ದ ಕ್ರಿಮಿಯೂ ಇಲಿಗಳಲ್ಲಿದ್ದ ಕ್ರಿಮಿಯೂ ಒಂದೇ ಮನೆತನದವು ಎಂದು ವರದಿ ಬಂತು. ಜಗ್ಗು, ಹಲಗೆ, ಚಿಮಟ ಕಸದ ಡಬ್ಬಿ ಸೇರಿದವು. ಪೋರ್ಚುಗಲ್‌ನಿಂದ ರೊವೀನಾ ಫೋನಿನಲ್ಲಿ ಬರೀ "ಅಪ್ಪಾ..." ಎಂದಳು. ಆಮೇಲೆ, ಡಚೆಸ್ ಆರೋಗ್ಯವಾಗಿದೆಯೇ ಎಂದು ವಿಚಾರಿಸಿದಳು. ಅದಕ್ಕೇನು ಧಾಡಿ? ಗುಂಡುಕಲ್ಲಿನ ಹಾಗಿತ್ತು.

ಉಳಿದದ್ದು ನೆಟ್ಟಿ. ಚೀಟಿ ಬರೆದು ಕಳಿಸಿದರೆ ಸಾಲದೇ ಎಂದು ಗ್ಲೆನಿಸ್‌ಳನ್ನು ಕೇಳಿದೆ. ಅವಳು ನನ್ನ ಕೋಟು ತಂದು ಕೈಗಿತ್ತು, ತಾನೂ ಕೋಟು ಹಾಕಿಕೊಂಡಳು. ಶನಿವಾರ ಮಧ್ಯಾಹ್ನ, ಅಂಗಡಿ ಮತ್ತೆ ತೆರೆದು ಕಿಕ್ಕಿರಿದಿತ್ತು. ನಾನು ಒಳಗೆ ಕಾಲಿಟ್ಟ ಕೂಡಲೇ ಚಮಚಗಳ ಸದ್ದು ನಿಂತಿತು. ಎಲ್ಲರ ಎದುರಿಗೇ ಹೇಳಿದೆ: ತಪ್ಪು ಪೂರ್ತಿ ನನ್ನದು, ನಿಮ್ಮ ಮೊಟ್ಟೆಯದಲ್ಲ, ನಮ್ಮ ಮನೆಯ ಇಲಿಯದು, ಕ್ಷಮಿಸಿ.

ನೆಟ್ಟಿ ಒಂದು ಕ್ಷಣ ನನ್ನನ್ನೇ ನೋಡಿದಳು. ಕಣ್ಣಿನ ಅಂಚು ಒದ್ದೆಯಾಗಿತ್ತು. ಆಮೇಲೆ ಬ್ರೆಡ್ಡು ತೆಗೆದು, ಮೊಟ್ಟೆ ಹಚ್ಚಿ, ತಟ್ಟೆಯಲ್ಲಿಟ್ಟಳು. ಕ್ಷಮೆ ಸಿಕ್ಕಿತೆಂದು ಕೈಚಾಚಿದೆ. ಅವಳು ತಟ್ಟೆ ಹಿಂದಕ್ಕೆಳೆದುಕೊಂಡಳು.

"ಮೊದ್ಲು ಆ ಮೂಲೆ ನಲ್ಲೀಲಿ ಕೈ ತೊಳ್ಕೊಂಡು ಬನ್ನಿ ಗಾರ್‌ಸೈಡ್ ಸಾರ್. ಸೋಪು ಹಾಕಿ. ಇಪ್ಪತ್ತು ಎಣಿಸೋವರೆಗೆ."

ತೊಳೆಯತೊಡಗಿದೆ. ಬೆನ್ನ ಹಿಂದೆ ಯಾರೋ 'ಒಂದು' ಎಂದರು. 'ಎರಡ'ಕ್ಕೆ ನಾಲ್ಕು ದನಿ ಕೂಡಿದವು. 'ಐದ'ರ ಹೊತ್ತಿಗೆ ಅಂಗಡಿಗೆ ಅಂಗಡಿಯೇ ಎಣಿಸುತ್ತಿತ್ತು. ಹದಿನೆಂಟಕ್ಕೆ ನಲ್ಲಿ ನಿಲ್ಲಿಸಲು ಹೋದೆ.

"ಇನ್ನೂ ಎರಡಿದೆ," ಎಂದು ಒಂದು ದನಿ ಗದರಿತು.

ತಿರುಗಿ ನೋಡಬೇಕಾಗಿರಲಿಲ್ಲ. ಮೂವತ್ತೊಂದು ವರ್ಷದಿಂದ ಕೇಳುತ್ತಿರುವ ದನಿ. ಮೊದಲಿನಿಂದಲೂ ಎಲ್ಲರಿಗಿಂತ ಗಟ್ಟಿಯಾಗಿ ಎಣಿಸುತ್ತಿದ್ದವಳು ನನ್ನ ಹೆಂಡತಿ.